ಅಡಿಗೆಮನೆಯ ಚಪ್ಪಲಿ

ಬೆಳಿಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟರೆ ಸಾಕು, ಶಿವರುದ್ರಮ್ಮನ ಬಾಯಿಂದ ‘ಅಯ್ಯಯ್ಯೋ ಶಿವನೇ’ ಅನ್ನುವ ಕೂಗು ಹೊರಡುತ್ತಿತ್ತು. ಬಲಗಾಲಿನ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದಂತೆ ನೋವು. ಗೋಡೆ ಹಿಡಿದು, ಬೀರು ಹಿಡಿದು, ಬಾಗಿಲ ಚೌಕಟ್ಟು ಹಿಡಿದು ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಒಂದಿಷ್ಟು ಸಡಿಲವಾಗುತ್ತಿತ್ತು. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಒಲೆ ಮುಂದೆ ನಿಂತಳೋ, ಮತ್ತೆ ಅದೇ ಪಾಡು.

“ನಿನ್ನ ಕೂಗಿಗೆ ಪಕ್ಕದ ಮನೆ ಮುನಿಯಮ್ಮನೂ ಎದ್ದಳು ಕಣೇ. ಇನ್ನು ಮೇಲೆ ಅಲಾರಂ ಇಡೋದು ಬೇಡ” ಎಂದು ಗಂಡ ನಂದೀಶ್ವರಯ್ಯ ಕಾಫಿ ಲೋಟ ಹಿಡಿದು ನಗುತ್ತಿದ್ದರು.

“ನಗ್ರಿ, ನಗ್ರಿ. ನಾಳೆ ನಾನು ಮಂಚ ಹಿಡಿದ್ರೆ ಈ ಕಾಫಿ ಯಾರು ಕಾಸಿ ಕೊಡ್ತಾರೋ ನೋಡ್ತೀನಿ!”

ಕೊರಟಗೆರೆ ಕೋಟೆ ಬೀದಿಯ ಆ ಮನೆಯಲ್ಲಿ ಅಡಿಗೆಮನೆ ಅಂದರೆ ಶಿವರುದ್ರಮ್ಮ, ಶಿವರುದ್ರಮ್ಮ ಅಂದರೆ ಅಡಿಗೆಮನೆ. ಅತ್ತೆ ತೀರಿಕೊಂಡ ವರ್ಷ ಹಿಡಿದ ಸೌಟನ್ನು ಅವಳು ಇನ್ನೂ ಯಾರ ಕೈಗೂ ಕೊಟ್ಟಿರಲಿಲ್ಲ. ಮಗ ಕುಮಾರಸ್ವಾಮಿ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ. ಸೊಸೆ ಲೋಹಿತಾ ಗೊರವನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೆಳಿಗ್ಗೆ ತರಕಾರಿ ಹೆಚ್ಚಿಕೊಟ್ಟು ಹೋಗುತ್ತಿದ್ದಳು, ಸಂಜೆ ಬಂದು ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು. ಒಲೆ ಮಾತ್ರ ಅತ್ತೆಯದು.

ಅಡಿಗೆಮನೆಯ ಪೂರ್ವದ ಗೋಡೆಯಲ್ಲೇ ದೇವರ ಗೂಡು ಇದ್ದದ್ದರಿಂದ ಅದರ ಹೊಸ್ತಿಲೊಳಗೆ ಕಾಲಿಗೆ ಏನನ್ನೂ ಮೆಟ್ಟಿಕೊಂಡು ಬರುವಂತಿರಲಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತರುವ ಯುವರಾಜ್ ಕೂಡ ಬೀದಿಬಾಗಿಲಲ್ಲೇ ಚಪ್ಪಲಿ ಕಳಚಿ, ಭಾರ ಹೊತ್ತುಕೊಂಡೇ ಕಾಲೊರೆಸಿಕೊಂಡು ಒಳಗೆ ಬರುತ್ತಿದ್ದ. ಈ ಕಾನೂನು ಮಾಡಿದವಳೂ ಶಿವರುದ್ರಮ್ಮನೇ, ಕಾಯುತ್ತಿದ್ದವಳೂ ಅವಳೇ. ಹಳೇ ಕಡಪ ಕಲ್ಲು ಕಿತ್ತು ಮಗ ಟೈಲ್ಸ್ ಹಾಕಿಸಿದ ಮೇಲಂತೂ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪಿನ ಜೊತೆಗೆ ತಣ್ಣಗೆ ಕೊರೆಯುತ್ತಲೂ ಇತ್ತು.

ನೋವಿಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಕಾರ್ತಿಕ ಮಾಸ. ಕಡೇ ಸೋಮವಾರ ಜಂಗಮರನ್ನು ಕರೆದು, ನೆಂಟರಿಷ್ಟರನ್ನು ಕೂಡಿಸಿ ಆ ಮನೆಯಲ್ಲಿ ಹೋಳಿಗೆ ಊಟ ಹಾಕುವುದು ತಲೆಮಾರಿನ ರೂಢಿ. ಹೂರಣ ರುಬ್ಬುವುದರಿಂದ ಹಿಡಿದು ಹೆಂಚಿನಿಂದ ತೆಗೆಯುವವರೆಗೆ ಎಲ್ಲ ಶಿವರುದ್ರಮ್ಮನ ಕೈಯದೇ ಆಗಬೇಕು. ಶಿರಾದಿಂದ ಬರುವ ಗಂಡನ ಅಕ್ಕ ಸಿದ್ದಗಂಗಮ್ಮ ಮೊದಲು ಹೋಳಿಗೆಯ ಅಂಚು ಮುರಿದು ನೋಡಿ ಆಮೇಲೇ ಬಾಯಿಗೆ ಹಾಕಿಕೊಳ್ಳುವ ಹೆಂಗಸು. ಈ ಸಲ ಒಲೆ ಮುಂದೆ ನಿಲ್ಲಲಾಗದೆ ಹೋದರೆ? ಒಂದು ಸಲ ಬಿಟ್ಟ ಜಾಗ ಮತ್ತೆ ಸಿಗುತ್ತದೆಯೇ? ಹೀಗೆ ನೆನೆದಾಗಲೆಲ್ಲ ಶಿವರುದ್ರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತರೆ ನೋವು.

ಕುಮಾರಸ್ವಾಮಿ ಫೋನಿನಲ್ಲಿ ಹುಡುಕಿ ಹಿಮ್ಮಡಿಗೆ ಇಡುವ ಸಿಲಿಕಾನ್ ಬಟ್ಟಲು ತರಿಸಿದ. ನೀಲಿ ಬಣ್ಣ, ಇಡ್ಲಿ ತಟ್ಟೆಯ ಗುಳಿಯಷ್ಟೇ ಆಳ, ಮುಟ್ಟಿದರೆ ಲೊಳಲೊಳ.

“ಇದನ್ನ ಹಿಮ್ಮಡಿ ಕೆಳಗೆ ಇಟ್ಕೋಬೇಕು ಕಣಮ್ಮ. ನೋವು ಮಾಯ” ಎಂದು ಹೇಳಿ ಅಂಗಡಿಗೆ ಹೋದ. ಎಲ್ಲಿ, ಯಾವುದರೊಳಗೆ ಇಡಬೇಕು ಅಂತ ಅವನು ಹೇಳಲೂ ಇಲ್ಲ, ಅವಳು ಕೇಳಲೂ ಇಲ್ಲ.

ಶಿವರುದ್ರಮ್ಮ ಹವಾಯಿ ಚಪ್ಪಲಿಯ ಮೇಲಿಟ್ಟು ನೋಡಿದಳು, ನಾಲ್ಕು ಹೆಜ್ಜೆಗೆ ಜಾರಿ ಅಂಗಳಕ್ಕೆ ಬಿತ್ತು. ಆಗ ಅವಳ ತಲೆ ಓಡಿತು. ಗಂಡನ ಉಣ್ಣೆಯ ಕಾಲುಚೀಲ ಹುಡುಕಿ ತೆಗೆದು, ಬಟ್ಟಲನ್ನು ಅದರ ಹಿಮ್ಮಡಿಗೆ ತುರುಕಿ, ಕಾಲಿಗೆ ಏರಿಸಿಕೊಂಡು ನೇರವಾಗಿ ಅಡಿಗೆಮನೆಗೆ ನಡೆದಳು. ಕಾಲುಚೀಲ ಚಪ್ಪಲಿಯಲ್ಲ, ಬಟ್ಟೆ. ಬಟ್ಟೆಗೆ ಎಂಥ ಮೈಲಿಗೆ? ತನ್ನ ಬುದ್ಧಿಗೆ ತಾನೇ ಮೆಚ್ಚಿಕೊಂಡು ಹುಳಿಗೆ ಒಗ್ಗರಣೆ ಇಟ್ಟಳು. ಸಿಡಿದ ಎಣ್ಣೆ ಟೈಲ್ಸಿನ ಮೇಲೆ ಬಿದ್ದದ್ದು ಕಾಣಲಿಲ್ಲ. ಪಾತ್ರೆ ಇಳಿಸಿಕೊಂಡು ತಿರುಗಿದಳು ನೋಡಿ, ಉಣ್ಣೆ ಜಾರಿತು, ಒಳಗಿನ ಬಟ್ಟಲೂ ಜಾರಿತು. ಕಟ್ಟೆಗೆ ಸೊಂಟ ಬಡಿದು ಅವಳು ಅಲ್ಲೇ ತಡೆದುಕೊಂಡಳು. ಹುಳಿ ಮಾತ್ರ ನೆಲದ ತುಂಬ ಹರಿಯಿತು.

ಮಧ್ಯಾಹ್ನದ ಊಟಕ್ಕೆ ಬಂದಿದ್ದ ಕುಮಾರಸ್ವಾಮಿ ಓಡಿ ಬಂದ. “ಏನಮ್ಮ ಇದು! ಕಾಲುಚೀಲದೊಳಗೆ ಹಾಕ್ಕೊಂಡಿದ್ದೀಯಾ? ಇದು ಶೂ ಒಳಗೆ ಹಾಕೋದು!”

“ನನ್ ಹತ್ರ ಶೂ ಎಲ್ಲೈತ್ಲಾ? ನಾನೇನು ಪೊಲೀಸ್ ಕೆಲಸಕ್ಕೆ ಹೋಯ್ತೀನಾ?”

ಅವತ್ತು ಶನಿವಾರ, ಲೋಹಿತಾ ಬೇಗ ಬಂದಿದ್ದಳು. ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಅದು ತಾನಾಗಿ ನಿಲ್ಲಲ್ಲ ಅತ್ತೆ. ಹಿಮ್ಮಡಿ ಸುತ್ತ ಬಿಗಿಯಾಗಿ ಹಿಡ್ಕೊಳ್ಳೋಂಥದ್ದು ಕಾಲಿಗಿರಬೇಕು. ಅದರೊಳಗಿದ್ರೆ ಮಾತ್ರ ಕೆಲಸ ಮಾಡುತ್ತೆ.”

“ನಿಂಗೆ ಹೆಂಗೆ ಗೊತ್ತು?”

“ಗೊತ್ತು” ಅಂದಳು ಲೋಹಿತಾ. ಬಟ್ಟೆ ಹಿಂಡಿಕೊಂಡು ಬಚ್ಚಲಿಗೆ ಹೋದಳು. ಅವತ್ತು ಎಲ್ಲರಿಗೂ ಬರೀ ಮೊಸರನ್ನ, ಉಪ್ಪಿನಕಾಯಿ.

ಮುಂದಿನ ವಾರ ಊಟಕ್ಕೆ ಕೂತಾಗಲೆಲ್ಲ ಇದೇ ಚರ್ಚೆ. ಫೋನಿನಲ್ಲಿ ನೂರೆಂಟು ನಮೂನೆ ಇದ್ದವು. ಮೆತ್ತನೆಯ ಫೋಮಿನದು, ಜೆಲ್ಲಿನದು, ಕಾರ್ಕಿನದು, ಗಟ್ಟಿ ಪ್ಲಾಸ್ಟಿಕ್ಕಿನದು, ಅರ್ಧ ಪಾದದ್ದು, ಪೂರ್ತಿ ಪಾದದ್ದು. ಕುಮಾರಸ್ವಾಮಿ ಮುದ್ದೆ ಮುರಿಯುತ್ತ ಒಂದು ಕೈಯಲ್ಲಿ ಫೋನು ಸವರುತ್ತಿದ್ದ.

“ಇದಕ್ಕೆ ಜನ ಐದು ಸ್ಟಾರ್ ಕೊಟ್ಟವ್ರೆ. ನಡುವೆ ಗಟ್ಟಿ ಉಬ್ಬು ಐತಂತೆ. ಇದೇ ತರ್ಸೋಣ.”

ನಂದೀಶ್ವರಯ್ಯ ಸಾರು ಸುರಿದುಕೊಳ್ಳುತ್ತ ಅಂದರು: “ನಿಮ್ಮಮ್ಮನ ಕಾಲೇನು ಮೋಟರೇನ್ಲಾ, ನಂಬರ್ ನೋಡಿ ಬೇರಿಂಗ್ ತರ್ಸೋಕೆ? ಯಾರಿಗಾದ್ರೂ ತೋರ್ಸೋದಲ್ವಾ?”

“ತೋರ್ಸಿದ್ರೆ ಅವರೂ ಇದೇ ಕೊಡೋದು ಬುಡಪ್ಪ.”

ಲೋಹಿತಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ಕಡೆ ನೋಡಿದ್ದೇ ತಡ, ಮುದ್ದೆಯ ತುಂಡನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು.

ಐದು ಸ್ಟಾರಿನದು ಬಂತು. ಈ ಸಲ ಶಿವರುದ್ರಮ್ಮ ಗಂಡನ ವಾಕಿಂಗ್ ಶೂ ಕಸಿದುಕೊಂಡು, ಅದರಲ್ಲಿ ಪಾದದಡಿಗಿದ್ದ ಅಟ್ಟೆಯ ಮೇಲೇ ಇದನ್ನೂ ತುರುಕಿ ಹಾಕಿಕೊಂಡಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಜಗಲಿಯ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಶತಪಥ. ಹಠಕ್ಕೆ ಬಿದ್ದವಳ ಹಾಗೆ ಊಟದ ಹೊತ್ತಿನವರೆಗೂ ನಡೆದಳು.

“ಏನ್ ಶಿವರುದ್ರಮ್ನೋರೆ, ಮಿಲಿಟರಿಗೆ ಸೇರ್ಕೊಂಬುಟ್ರಾ?” ಅಂತ ಮುನಿಯಮ್ಮ ಕಾಂಪೌಂಡಿನ ಆಚೆಯಿಂದ ಕೂಗಿದಳು.

“ಹೂಂ ಕಣಮ್ಮ, ನಿನ್ನೂ ಸೇರಿಸ್ತೀನಿ, ಬಾ!”

ಸಂಜೆಯ ಹೊತ್ತಿಗೆ ಹಿಮ್ಮಡಿಯ ಜೊತೆ ಪಾದದ ನಡುವೂ ಬಾತು, ಮೀನಖಂಡ ಹಿಡಿದುಕೊಂಡಿತು. ಶಾಲೆಯಿಂದ ಬಂದ ಲೋಹಿತಾ ಶೂ ಕೈಗೆತ್ತಿಕೊಂಡು ಒಳಗೆ ಬಗ್ಗಿ ನೋಡಿದಳು. “ಹಳೇ ಅಟ್ಟೆ ತೆಗೆದು ಇದನ್ನ ಹಾಕಬೇಕಿತ್ತು ಅತ್ತೆ. ಮೊದಲನೇ ದಿನ ಸ್ವಲ್ಪ ಹೊತ್ತು ಅಷ್ಟೇ. ದಿನಾ ಒಂಚೂರು ಒಂಚೂರು ಜಾಸ್ತಿ ಮಾಡ್ಕೋಬೇಕು. ಇದು ಬೇರೆ ನಿಮ್ಮ ಕಾಲಿಗೆ ತುಂಬಾ ಗಟ್ಟಿ.”

“ಈಗ ಹೇಳು! ಎಲ್ಲಾ ಆದ್ಮೇಲೆ ಪಾಠ ಹೇಳು!”

“ಮೊದಲು ಹೇಳಿದ್ರೆ ಕೇಳ್ತಿದ್ರಾ?”

ಈ ಮಾತು ಶಿವರುದ್ರಮ್ಮನಿಗೆ ಹಿಮ್ಮಡಿಗಿಂತ ಜೋರಾಗಿ ಚುಚ್ಚಿತು.

ಆಮೇಲಿನ ದಿನಗಳು ಅವಳ ಪಾಲಿಗೆ ನರಕ. ನಿಲ್ಲಲು ಆಗುತ್ತಿರಲಿಲ್ಲವಾಗಿ ಲೋಹಿತಾಳೇ ಎರಡು ಹೊತ್ತೂ ಅಡಿಗೆಗೆ ನಿಂತಳು. ಅಡಿಗೆಮನೆ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಶಿವರುದ್ರಮ್ಮ ಕೂತಳು. ಕೂತಳು ಅನ್ನುವುದೇ ಸುಳ್ಳು. ನಿಮಿಷಕ್ಕೊಮ್ಮೆ ಎದ್ದು, ನೋವಿಗೆ ಹಲ್ಲು ಕಚ್ಚಿ, ಮತ್ತೆ ಕೂರುತ್ತಿದ್ದಳು. “ಸಾಸಿವೆ ಸಿಡೀಲಿ, ಆಮೇಲೆ ಕರಿಬೇವು ಹಾಕು.” “ಹುಣಸೆಹಣ್ಣು ಇಂಗಾ ಕಿವುಚೋದು?” “ಆ ತಪ್ಪಲೆ ಯಾಕೆ ತಗೊಂಡೆ?” ಹೀಗೆ ಬಾಯಿ ಬಿಡುವು ಕಂಡಿದ್ದೇ ಇಲ್ಲ.

ಒಂದು ಸಂಜೆ ಸಾರಿನ ರುಚಿ ನೋಡಿದ ನಂದೀಶ್ವರಯ್ಯ ಮೈಮರೆತು “ಬೋ ಚೆನ್ನಾಗೈತೆ ಕಣಮ್ಮ ಲೋಹಿತಾ” ಅಂದುಬಿಟ್ಟರು. ಆಯಿತಲ್ಲ!

“ಹೂಂ, ಚೆನ್ನಾಗಿರದೆ ಏನು? ನನ್ನ ಕಾಲು ಕೆಟ್ಟಿದ್ದು ಈ ಮನೇಲಿ ಎಲ್ರಿಗೂ ಒಳ್ಳೇದೇ ಆಯ್ತು. ಕಾರ್ತಿಕದ ಹೋಳಿಗೇನೂ ಅವಳ ಕೈಲೇ ಮಾಡ್ಸಿ. ನನ್ನ ಮೂಲೇಲಿ ಕೂರ್ಸಿ. ಒಲೆ ಮೇಲೆ ಅವಳ ಕಣ್ಣು ಬಿದ್ದಿದ್ದು ಇವತ್ತು ನಿನ್ನೇದಾ?”

ಲೋಹಿತಾ ಒಲೆ ಆರಿಸಿದಳು. “ಅತ್ತೆ, ಈ ಒಲೆ ನನಗೆ ಬೇಕು ಅಂತ ಯಾವತ್ತಾದ್ರೂ ಕೇಳಿದ್ದೀನಾ? ಬೆಳಿಗ್ಗೆಯಿಂದ ಬೋರ್ಡ್ ಮುಂದೆ ನಿಂತು ಬಂದಿದ್ದೀನಿ. ನನಗೆ ಬೇಕಿರೋದು ಒಂದು ಕುರ್ಚಿ. ನೀವು ಕೂತಿದ್ದೀರಲ್ಲ, ಅದು.”

ಅಷ್ಟು ಹೇಳಿ ಅಲ್ಲೇ ನಿಂತಳು. ಬಲಪಾದದ ಮೇಲೆ ಎಡಪಾದ ಇಟ್ಟು, ಆಮೇಲೆ ಎಡದ ಮೇಲೆ ಬಲ ಇಟ್ಟು, ಹೊರಂಚಿನ ಮೇಲೆ ಭಾರ ಹಾಕಿ. ಸೊಸೆ ಹೀಗೆ ನಿಲ್ಲುವುದನ್ನು ಶಿವರುದ್ರಮ್ಮ ಯಾವಾಗಲೂ ನೋಡಿದವಳೇ. ಕೊಕ್ಕರೆ ಥರ ನಿಲ್ಲಬೇಡ ಅಂತ ಎಷ್ಟೋ ಸಲ ಗದರಿಯೂ ಇದ್ದಳು. ಇವತ್ತು ಯಾಕೋ ಗದರಲಿಲ್ಲ. ಕುಮಾರಸ್ವಾಮಿ ತಟ್ಟೆ ಬಿಟ್ಟು ಎದ್ದು, “ನಾಳೆ ಮಧುಗಿರಿಗೆ ಹೋಗೋಣ ನಡಿಯಮ್ಮ. ಯಾವ ಸ್ಟಾರೂ ಬೇಡ” ಅಂದ.

ಮಧುಗಿರಿಯ ಒಂದು ಚಿಕಿತ್ಸಾಲಯದಲ್ಲಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳು ಹಿಮ್ಮಡಿಯನ್ನು ಹೆಬ್ಬೆರಳಿಂದ ಒತ್ತಿದಾಗ ಶಿವರುದ್ರಮ್ಮ ಮಂಚದಿಂದ ಅರ್ಧ ಎದ್ದಳು.

“ಮನೇಲಿ ಬರಿಗಾಲಾ ಅಮ್ಮಾ?”

“ಮತ್ತೆ? ಮನೇಲಿ ಯಾರಾದ್ರೂ ಚಪ್ಪಲಿ ಮೆಟ್ತಾರಾ?”

“ಇನ್ನು ಮೇಲೆ ನೀವು ಮೆಟ್ಟಬೇಕು. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತ್ರೆ ನಾನು ಏನು ಕೊಟ್ರೂ ಪ್ರಯೋಜನ ಇಲ್ಲ. ಎಲ್ಲಿ ಜಾಸ್ತಿ ನಿಲ್ತೀರಿ?”

“ಅಡಿಗೆಮನೇಲಿ.”

“ಹಾಗಾದ್ರೆ ಅಡಿಗೆಮನೇಲೇ ಹಾಕ್ಕೊಳ್ಳಿ.”

ಶಿವರುದ್ರಮ್ಮ ಮಗನ ಮುಖ ನೋಡಿದಳು. ಮಗ ಫ್ಯಾನಿನ ಕಡೆ ನೋಡಿದ.

ಆ ಹುಡುಗಿ ಪಾದ ಒದ್ದೆ ಮಾಡಿ ಹಳೇ ಪೇಪರಿನ ಮೇಲೆ ನಿಲ್ಲಿಸಿದಳು. ಗುರುತು ಬಿತ್ತು. ಮುಂದೆ ಬೆರಳುಗಳು, ಹಿಂದೆ ಹಿಮ್ಮಡಿ, ಎರಡನ್ನೂ ಕೂಡಿಸುವ ಒಂದು ಸಣ್ಣ ಪಟ್ಟಿ. “ನಿಮ್ಮದು ಹಳ್ಳ ಜಾಸ್ತಿ ಇರೋ ಪಾದ. ಇದಕ್ಕೆ ಹಿಮ್ಮಡಿ ಹತ್ರ ಮೆತ್ತಗೆ, ನಡುವೆ ಹದವಾಗಿ ಆನಿಸೋಂಥದ್ದು ಬೇಕು. ಬೇರೆಯವರಿಗೆ ಆಗಿದ್ದು ನಿಮಗೆ ಆಗಲ್ಲ.” ಗೋಡೆಯ ಚಿತ್ರದತ್ತ ಕೈ ತೋರಿಸಿದಳು. “ಅದು ನೋಡಿ, ಚಪ್ಪಟೆ ಪಾದ. ಪೂರ್ತಿ ಅಚ್ಚು ಬಿದ್ದಿದೆ. ಕೆಲವರಿಗೆ ಅದರಿಂದ ಏನೂ ತೊಂದ್ರೆ ಇರಲ್ಲ. ತೊಂದ್ರೆ ಇರೋವ್ರು ಬರಿಗಾಲಲ್ಲಿ ನಿಂತ್ರೆ ಪಾದ, ಮಂಡಿ, ಸೊಂಟ ಎಲ್ಲಾ ಹಿಡ್ಕೊಳ್ಳುತ್ತೆ.”

ಶಿವರುದ್ರಮ್ಮ ಆ ಚಿತ್ರವನ್ನೇ ನೋಡುತ್ತ ಕೂತಳು. ಆ ಅಚ್ಚು ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬಚ್ಚಲಿಂದ ಲೋಹಿತಾ ಬಂದ ದಾರಿಯಲ್ಲಿ ನೆಲದ ಮೇಲೆ ಬೀಳುವ ಒದ್ದೆ ಹೆಜ್ಜೆಗಳು ಅವು. ಅದಕ್ಕೂ ಮೊದಲು, ಮದುವೆಯಾಗಿ ಮನೆ ತುಂಬಿಸಿಕೊಂಡ ದಿನ, ಸೊಸೆ ಕುಂಕುಮದ ನೀರಲ್ಲಿ ಕಾಲದ್ದಿ ಬಿಳೀ ಪಂಚೆಯ ಮೇಲೆ ನಡೆದು ಬಂದಾಗಲೂ ಇದೇ ಅಚ್ಚು ಬಿದ್ದಿತ್ತು. ಸಿದ್ದಗಂಗಮ್ಮ ಕಿವಿಯ ಹತ್ತಿರ ಬಗ್ಗಿ, “ನೋಡೇ ರುದ್ರಿ, ಇಟ್ಟಿಗೆ ಒತ್ತಿದಂಗೆ ಬಿದ್ದೈತೆ. ಇಂಥ ಕಾಲು ಮನೆಗೆ ಆಗಿ ಬರಾಕಿಲ್ಲ” ಅಂದಿದ್ದಳು. ಆ ಮಾತು ಶಿವರುದ್ರಮ್ಮನ ಹೊಟ್ಟೆಯಲ್ಲಿ ಇಷ್ಟು ವರ್ಷ ಕೂತೇ ಇತ್ತು.

ಮನೆ ತಲುಪಿದ್ದೇ ಜಗಲಿಯ ಚಪ್ಪಲಿ ಸ್ಟ್ಯಾಂಡಿನ ಮುಂದೆ ನಿಂತಳು. ಲೋಹಿತಾ ಶಾಲೆಗೆ ಹಾಕಿಕೊಂಡು ಹೋಗುವ ಕಪ್ಪು ಶೂ ಅಲ್ಲಿತ್ತು. ಗಂಡನದ್ದು ಬಿಟ್ಟರೆ ಬೇರೆಯವರ ಚಪ್ಪಲಿ ಕೈಯಲ್ಲಿ ಮುಟ್ಟಿದ ಹೆಂಗಸಲ್ಲ ಅವಳು. ಇವತ್ತು ಅದರೊಳಗೆ ಕೈ ತೂರಿಸಿದಳು. ಒಳಗೆ ದಪ್ಪನೆಯ ಅಟ್ಟೆ ಇತ್ತು. ಎಳೆದು ತೆಗೆದರೆ, ನಡುವೆ ಉಬ್ಬು, ಹಿಂದೆ ಗುಳಿ, ಮೇಲಿನ ಬಟ್ಟೆ ಸವೆದು ಎಳೆ ಬಿಟ್ಟಿತ್ತು.

“ಅದು ನಂದು ಅತ್ತೆ” ಅಂದಳು ಲೋಹಿತಾ. ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಯಾವಾಗಿಂದ ಹಾಕ್ಕೊಂತೀಯ?”

“ಕಾಲೇಜಿನ ದಿನದಿಂದ.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ದೆ. ಬಂದ ಮೊದಲನೇ ವಾರದಲ್ಲೇ. ಮನೆಯೊಳಗೆ ಹಾಕ್ಕೊಳ್ಳೋಕೆ ಅಂತ ನಮ್ಮಮ್ಮ ಒಂದು ಜೊತೆ ಮೆತ್ತನೆ ಚಪ್ಪಲಿ ಕೊಟ್ಟು ಕಳಿಸಿದ್ರಲ್ಲ, ನೀವು ಅದನ್ನ ಎತ್ತಿ ಆಚೆ ಇಡಿಸಿದ್ರಿ. ನನ್ನ ಪಾದ ಹೀಗಿದೆ ಅತ್ತೆ, ನೋಯುತ್ತೆ ಅಂದೆ. ‘ಈ ಮನೇಲಿ ಬೇರೆ ಯಾರಿಗೂ ಕಾಲೇ ಇಲ್ವಾ’ ಅಂದ್ರಿ.”

ಲೋಹಿತಾಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ನೆನಪು ಮಾಡಿಕೊಂಡು ನೋಡಿದರೆ ಶಿವರುದ್ರಮ್ಮನಿಗೆ ಹಾಗೆ ಅಂದದ್ದೇ ನೆನಪಿಲ್ಲ. ಅನ್ನದೇ ಇರುವವಳೂ ತಾನಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅಟ್ಟೆಯನ್ನು ಶೂ ಒಳಗೆ ತುರುಕಲು ಹೋದರೆ ಅದು ಮಡಿಸಿಕೊಂಡು ಕೂರಲೊಲ್ಲದು. ಲೋಹಿತಾಳೇ ಬಂದು ಇಸಿದುಕೊಂಡು ಸರಿಯಾಗಿ ಕೂರಿಸಿದಳು.

“ಭಾನುವಾರ ನನ್ನ ತುಮಕೂರಿಗೆ ಕರ್ಕೊಂಡೋಗ್ತೀಯಾ?” ಶಿವರುದ್ರಮ್ಮ ಕೇಳಿದಳು. “ಅವನಿಗೆ ಇದೆಲ್ಲ ಗೊತ್ತಾಗಕಿಲ್ಲ.”

ತುಮಕೂರಿನ ಅಂಗಡಿಯಲ್ಲಿ ಲೋಹಿತಾ ಬೇರೆಯೇ ಹೆಂಗಸಾಗಿದ್ದಳು. ಅಟ್ಟೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಹಿಮ್ಮಡಿಯ ಜಾಗ ಹೆಬ್ಬೆರಳಿಂದ ಅದುಮಿದಳು. “ಒತ್ತಿದ್ರೆ ತಕ್ಷಣ ಮೇಲೇಳಬೇಕು ಅತ್ತೆ. ಒಳಗೇ ಕೂತ್ಕೊಂಡ್ರೆ ಬೇಗ ಹಾಳು.” ನಡುವೆ ಬಗ್ಗಿಸಿ ನೋಡಿದಳು. “ಇದು ಬಟ್ಟೆ ಥರ ಮಡಿಸಿಕೊಳ್ತು, ಬೇಡ. ಅದು ಬಗ್ಗೋದೇ ಇಲ್ಲ, ಅದೂ ಬೇಡ.” ಮುಂದೆ ಮುಚ್ಚಿದ, ಹಿಂದೆ ಪಟ್ಟಿ ಇರುವ ಮನೆಯ ಚಪ್ಪಲಿ ತೆಗೆಸಿ, ಅದರ ಅಟ್ಟೆ ಕಿತ್ತು ಇದನ್ನು ಕೂರಿಸಿ, ಅತ್ತೆಯ ಕಾಲಿಗೆ ತಾನೇ ಬಗ್ಗಿ ಪಟ್ಟಿ ಬಿಗಿದಳು. “ನಿಂತ್ಕೊಳ್ಳಿ. ನಡೀರಿ. ಎಲ್ಲಾದ್ರೂ ಚುಚ್ಚುತ್ತಾ?”

ಚುಚ್ಚಲಿಲ್ಲ. ಹಿಮ್ಮಡಿಯ ಕೆಳಗೆ ಯಾರೋ ಅಂಗೈ ಒಡ್ಡಿದ ಹಾಗಿತ್ತು.

“ಇವಳ ಅಳತೆಗೂ ಇಂಥದ್ದೇ ಒಂದು ಜೊತೆ ಕೊಡಪ್ಪ. ಅಟ್ಟೆ ಅವಳ ಕಾಲಿಗೆ ಯಾವುದು ಬೇಕೋ ಅದನ್ನ ಅವಳೇ ನೋಡ್ಕೊಂತಾಳೆ” ಅಂದಳು ಶಿವರುದ್ರಮ್ಮ.

“ನನಗೆ ಬೇಡ ಅತ್ತೆ.”

“ಯಾಕೆ?”

“ಅಭ್ಯಾಸ ಆಗಿಹೋಗಿದೆ.”

ಶಿವರುದ್ರಮ್ಮ ಅಂಗಡಿಯವನ ಎದುರು ವಾದ ಮಾಡಲಿಲ್ಲ. ಎರಡು ಜೊತೆಯನ್ನೂ ಚೀಲಕ್ಕೆ ಹಾಕಿಸಿದಳು. ಲೋಹಿತಾಳ ಚಪ್ಪಲಿ ಜೋಡಿ ಮಾತ್ರ ತಂದದ್ದು ತಂದ ಹಾಗೆ ಜಗಲಿಯ ಸ್ಟ್ಯಾಂಡಿನಲ್ಲೇ ಕೂತಿತು.

ಇನ್ನು ಶಿವರುದ್ರಮ್ಮನ ಕಥೆ ಕೇಳಬೇಕೆ? ಹೊಸ ಚಪ್ಪಲಿಯಲ್ಲಿ ಹಜಾರ, ಕೋಣೆ, ಹಿತ್ತಿಲ ಬಾಗಿಲವರೆಗೆ ಓಡಾಡುತ್ತಾಳೆ. ಅಡಿಗೆಮನೆ ಹೊಸ್ತಿಲು ಬಂತೋ, ನಿಂತು ಪಟ್ಟಿ ಬಿಚ್ಚುತ್ತಾಳೆ. ಒಳಗೆ ಹೋಗಿ ಬರಿಗಾಲಲ್ಲಿ ನಿಂತು ನರಳುತ್ತಾಳೆ. ಹೊರಗೆ ಬಂದು ಮತ್ತೆ ಪಟ್ಟಿ ಬಿಗಿಯುತ್ತಾಳೆ. ನೋಡಿ ನೋಡಿ ನಂದೀಶ್ವರಯ್ಯನಿಗೆ ತಲೆ ಕೆಟ್ಟಿತು.

“ಏನೇ ಇದು ನಿನ್ನ ದೊಂಬರಾಟ! ಹಾಕ್ಕೊಂಡು ಹೋಗಬಾರದಾ ಒಳಕ್ಕೆ?”

“ದೇವರ ಗೂಡೈತೆ.”

“ನಿನ್ನ ಎದೆ ಮೇಲೆ ಲಿಂಗ ಐತಲ್ಲ, ಅದು ಏನು? ಚಪ್ಪಲಿ ಮೆಟ್ಕೊಂಡು ತುಮಕೂರು ಬಸ್‌ಸ್ಟ್ಯಾಂಡೆಲ್ಲ ಸುತ್ತಿ ಬಂದೆಯಲ್ಲ, ಅದನ್ನ ಬಿಚ್ಚಿ ಮನೇಲಿ ಇಟ್ಟು ಹೋಗಿದ್ದೆಯಾ?”

ಶಿವರುದ್ರಮ್ಮನ ಕೈ ತಾನಾಗಿ ಕೊರಳಲ್ಲಿ ಲಿಂಗವಿದ್ದ ಕರಡಿಗೆಗೆ ಹೋಯಿತು. “ಅದು ಬೇರೆ, ಇದು ಬೇರೆ” ಅಂದಳು. ಹೊಸ್ತಿಲಲ್ಲಿ ಬಗ್ಗಿ ಮತ್ತೆ ಪಟ್ಟಿ ಬಿಚ್ಚತೊಡಗಿದಳು.

ಕಡೇ ಸೋಮವಾರ ಬಂದೇ ಬಂತು. ಶಾಲೆಗೆ ರಜೆ ಹಾಕಿದ್ದ ಲೋಹಿತಾ ಬೆಳಿಗ್ಗೆಯಿಂದ ಬೇಳೆ ಬೇಯಿಸಿ, ಬಸಿದು, ಬೆಲ್ಲ ಕುಟ್ಟಿ ಕೊಟ್ಟಳು. ಶಿರಾ ಬಸ್ಸಿಗೆ ಬಂದಿಳಿದ ಸಿದ್ದಗಂಗಮ್ಮ ಅಡಿಗೆಮನೆಯ ಒಳಗೇ ಮಣೆ ಹಾಕಿಕೊಂಡು ಕೂತು ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಹಜಾರದಲ್ಲಿ ನೆಂಟರ ಮಾತು, ನಗು. ಶಿವರುದ್ರಮ್ಮ ಬರಿಗಾಲಲ್ಲಿ ಒಲೆ ಮುಂದೆ ನಿಂತು ಹೋಳಿಗೆ ತಟ್ಟತೊಡಗಿದಳು.

ಮೊದಲ ತಟ್ಟೆ ತುಂಬುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೆಂಕಿ ಹತ್ತಿತು. ಕಾಲು ಬದಲಿಸಿದಳು. ಕಟ್ಟೆಗೆ ಹೊಟ್ಟೆ ಆನಿಸಿ ನಿಂತಳು. ಹಣೆಯ ಬೆವರು ವಿಭೂತಿಯ ಮೇಲೆ ಇಳಿಯಿತು. ಹೋಳಿಗೆಯೊಂದು ಹೆಂಚಿಗೆ ಹಾಕುವಾಗಲೇ ಹರಿಯಿತು.

“ಕುಂಟ್ತಾ ಇದ್ದೀಯಲ್ಲೇ” ಅಂದಳು ಸಿದ್ದಗಂಗಮ್ಮ. “ಆಗದಿದ್ರೆ ಬುಡು. ಸೊಸೆ ಕೈಗೆ ಕೊಟ್ಟು ಬಂದು ಕೂತ್ಕೋ. ವಯಸ್ಸಾಯ್ತು ನಿಂಗೂ.”

ಇದೇ ಮಾತಿಗೆ ಶಿವರುದ್ರಮ್ಮ ಇಷ್ಟು ವಾರ ಹೆದರಿದ್ದಳು. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಹೊರಗೆ ಹೋದಳು. ಹಜಾರದ ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ತೂರಿಸಿ, ಪಟ್ಟಿ ಬಿಗಿದು, ತಿರುಗಿ ಬಂದಳು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ದಾಟಿದಳು. ಕೈ ತೊಳೆದು ಮುಖ ಬಿಗಿದುಕೊಂಡು ಕಣಕ ಕೈಗೆತ್ತಿಕೊಂಡಳು.

“ಲೇ ರುದ್ರಿ!” ಸಿದ್ದಗಂಗಮ್ಮನ ಕೂಗಿಗೆ ಹಜಾರದ ಮಾತು ನಿಂತಿತು. “ಅಡಿಗೆಮನೆಗೆ ಚಪ್ಪಲಿನಾ? ದೇವರ ಗೂಡಿನ ಮುಂದೆ? ಜಂಗಮರು ಉಣ್ಣೋ ಅಡಿಗೆಗೆ?”

ಕೊಬ್ಬರಿ ತುರಿಯುತ್ತಿದ್ದ ಲೋಹಿತಾ ದಡಕ್ಕನೆ ಎದ್ದಳು. “ಶಿರಾ ಅತ್ತೆ, ಬೈಬೇಡಿ. ಅದು ನಂದು. ನಾನೇ ಬಲವಂತ ಮಾಡಿ ಹಾಕಿಸಿದ್ದು.”

“ಅಂದ್ಕೊಂಡೆ! ಆವತ್ತೇ ಹೇಳಿದ್ದೆ ನಾನು, ಈ ಕಾಲು ಒಳಗೆ ಬಂದ ದಿನವೇ...”

ಸುಮ್ಮನಿದ್ದರೆ ಸಾಕಿತ್ತು. ಬೈಗುಳ ಸೊಸೆಯ ಪಾಲಿಗೆ, ಚಪ್ಪಲಿ ತನ್ನ ಪಾಲಿಗೆ. ಇಷ್ಟು ವರ್ಷ ಹಾಗೇ ನಡೆದಿತ್ತು, ಇನ್ನೂ ನಡೆಯುತ್ತಿತ್ತು. ಶಿವರುದ್ರಮ್ಮ ಹೋಳಿಗೆಯನ್ನು ಹೆಂಚಿನ ಮೇಲೆ ಹಾಕಿ ತಿರುಗಿದಳು.

“ಸುಮ್ನಿರಕ್ಕ! ಇದು ನಂದು. ನನ್ನ ನೋವಿಗೆ ನಾನು ತಂದಿದ್ದು. ಅವಳದ್ದು ಆಚೆ ಐತೆ. ಅವಳು ಈ ಮನೆಗೆ ಬಂದ ವಾರವೇ ಅವಳ ಚಪ್ಪಲಿನ ನಾನೇ ಆಚೆ ಇಡಿಸಿದ್ದು. ನೋವು ಅಂತ ಬಾಯಿಬಿಟ್ಟು ಹೇಳಿದ್ಲು, ನಂಗೆ ಕಿವಿ ಇರ್ಲಿಲ್ಲ. ಕಾಲಿನ ಸುದ್ದಿ ಇನ್ನೊಂದು ಸಲ ಎತ್ತಬೇಡ ನೀನು. ಈ ಮನೇಲಿ ಮೊದಲಿಂದ ನಿಂತೇ ಇರೋ ಕಾಲು ಅದು.” ಸೊಸೆಯ ಕಡೆ ತಿರುಗಿದಳು. “ಲೋಹಿತಾ, ಹೋಗು. ನಿಂದೂ ಹಾಕ್ಕೊಂಡು ಬಾ.”

“ಅತ್ತೆ, ಈಗ ಬೇಡ...”

“ಹೋಗು ಅಂದ್ನಲ್ಲ!”

ಲೋಹಿತಾ ಹೋದಳು. ಜಗಲಿಯಿಂದ ಹೊಸ ಚಪ್ಪಲಿಯ ಸದ್ದು ಹಜಾರ ದಾಟಿ ಬಂತು. ನೆಂಟರು ಕಾಲು ಮಡಚಿ ದಾರಿ ಬಿಟ್ಟರು. ಹೊಸ್ತಿಲವರೆಗೂ ನೆಟ್ಟಗೆ ಬಂದವಳು ಅಲ್ಲಿ ನಿಂತಳು. ಪಟ್ಟಿ ಬಿಗಿದಿರಲಿಲ್ಲ. ಅವಳು ಬೇಕೆಂದು ಮಾಡಿದ್ದಲ್ಲ, ಕಾಲುಗಳು ತಮ್ಮಷ್ಟಕ್ಕೆ ತಾವೇ ಚಪ್ಪಲಿಯಿಂದ ಜಾರಿ ಹೊರಗೆ ಬಂದು, ಬರಿಗಾಲಲ್ಲಿ ಹೊಸ್ತಿಲು ದಾಟಿಬಿಟ್ಟವು. ದಾಟಿದ ಮೇಲೆ ಲೋಹಿತಾಳೇ ತನ್ನ ಪಾದ ನೋಡಿಕೊಂಡು ಬೆಪ್ಪಾಗಿ ನಿಂತಳು. ಆಗ ಮಾತ್ರ ಅವಳ ಕಣ್ಣು ತುಂಬಿತು.

ಶಿವರುದ್ರಮ್ಮ ಕಣಕದ ಕೈಯಲ್ಲೇ ಬಂದಳು. ಕಟ್ಟೆ ಹಿಡಿದು, ಮಂಡಿ ಊರಿ ಕೂತು, ಹೊಸ್ತಿಲಾಚೆ ಬಿದ್ದಿದ್ದ ಜೊತೆಯನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟಳು. ಸಿದ್ದಗಂಗಮ್ಮ ನೋಡುತ್ತಿದ್ದಳು, ಹಜಾರದವರು ನೋಡುತ್ತಿದ್ದರು. ಸೊಸೆಯ ಕಾಲನ್ನು ಹಿಡಿದು ಒಂದಾದ ಮೇಲೊಂದು ಚಪ್ಪಲಿಗೆ ತೂರಿಸಿ, ಪಟ್ಟಿಯನ್ನೂ ಬಿಗಿದಳು.

“ಅತ್ತೆ, ಏನಿದು, ಏಳಿ...” ಲೋಹಿತಾ ಬಗ್ಗಿ ಅವಳ ತೋಳು ಹಿಡಿದಳು.

ಹೆಂಚಿನಿಂದ ಸೀದ ವಾಸನೆ ಬಂತು.

“ನನ್ ಮುಖ ಏನ್ ನೋಡ್ತೀಯ? ಹೋಳಿಗೆ ಸೀಯ್ತೈತೆ!” ಅಂದಳು ಶಿವರುದ್ರಮ್ಮ. “ಚಪ್ಪಲಿ ಮುಟ್ಟಿದ ಕೈ ನಂದು, ತೊಳ್ಕೊಂಡು ಬರ್ತೀನಿ. ಸಾವಕಾಶ ಆಯ್ತದೆ. ಅಲ್ಲಿಗಂಟ ಒಲೆ ನೀನು ನೋಡ್ಕೋ.”